ನಮ್ಮ ಹೆಸರು ಸರಿಯಾಗಿ ಬರೀರಿ

(ವಾರ್ಷಿಕೋತ್ಸವದಲ್ಲಿ ಆಡಿದ ಮಾತುಗಳ ಬರಹರೂಪ)



ಕಾಗುಣಿತ ಅಂದ ಕೂಡಲೇ ನಿಮಗೆ ಮೇಷ್ಟ್ರ ಕೋಲು ನೆನಪಾಗಬಹುದು. ಇವತ್ತು ನಾನು ಹೇಳೋದು ಶಾಲೆ ಮಕ್ಕಳ ತಪ್ಪಿನ ಬಗ್ಗೆ ಅಲ್ಲ, ಬರೆಯೋದೇ ಕೆಲಸವಾಗಿರುವವರು ಮಾಡುವ ತಪ್ಪಿನ ಬಗ್ಗೆ. ಕಚೇರಿ ಗುಮಾಸ್ತರು, ಇ-ಸೇವೆ ಕೇಂದ್ರದಲ್ಲಿ ಟೈಪ್ ಮಾಡೋರು, ಶಾಲೆಯ ದಾಖಲಾತಿ ಬರೆಯೋರು. ಅವರ ಕೈ ತಪ್ಪಿದರೆ ಅವರ ಸಂಬಳ ನಿಲ್ಲಲ್ಲ. ಎಸ್ಟೇಟ್ ಕೂಲಿ ಬಿಟ್ಟು ತಾಲ್ಲೂಕು ಕಚೇರಿಗೆ ಅಲೆಯೋರು ನಾವು.

ನಮ್ಮ ಕಡೆ ಇದು ಹೇಗೆ ಆಗುತ್ತೆ ನೋಡಿ. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ತ, ದ ಎರಡಕ್ಕೂ ಒಂದೇ. ಪ, ಬ ಎರಡಕ್ಕೂ ಒಂದೇ. ತಮಿಳಿಗೆ ಅಷ್ಟು ಸಾಕು, ಅದರಲ್ಲಿ ಕುಂದೇನಿಲ್ಲ. ನಮ್ಮ ಕನ್ನಡದ ಹೆಸರು ತಮಿಳಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಹೋಗುವಾಗ ಎಡವಟ್ಟಾಗುತ್ತೆ. ಮಾದಮ್ಮ ಮಾತಮ್ಮ ಆಗ್ತಾಳೆ, ಗಂಗಮ್ಮ ಕಂಗಮ್ಮ ಆಗ್ತಾಳೆ, ಬಸವ ಪಸವ ಆಗ್ತಾನೆ. ಆಧಾರ್‌ನಲ್ಲಿ ಒಂದು, ರೇಷನ್ ಕಾರ್ಡಲ್ಲಿ ಇನ್ನೊಂದು, ಟಿ.ಸಿ.ಯಲ್ಲಿ ಮತ್ತೊಂದು. ಇದರ ಮೇಲೆ ಇನಿಷಿಯಲ್ ಬೇರೆ. ಅಪ್ಪನನ್ನು ಬಸವ ಅಂತ ಬರೆದಿದ್ದರೆ ಮಗಳಿಗೆ 'ಬಿ', ಪಸವ ಅಂತ ಬರೆದಿದ್ದರೆ ಮಗನಿಗೆ 'ಪಿ'. ಒಂದೇ ಮನೆಯ ಅಕ್ಕ ತಮ್ಮ ಕಾಗದದ ಪ್ರಕಾರ ಬೇರೆ ಬೇರೆ ಅಪ್ಪನ ಮಕ್ಕಳು! ಸ್ಕಾಲರ್‌ಶಿಪ್ ದುಡ್ಡು ಬರೋ ಹೊತ್ತಿಗೆ ಬ್ಯಾಂಕಿನ ಹೆಸರಿಗೂ ಆಧಾರ್ ಹೆಸರಿಗೂ ತಾಳೆ ಆಗಲ್ಲ.

ಊರಿನ ಹೆಸರೂ ಹಾಗೇ. ಗೂಡಲೂರು ನಮ್ಮ ನೀಲಗಿರಿಯಲ್ಲೂ ಇದೆ, ತೇನಿ ಜಿಲ್ಲೆಯಲ್ಲೂ ಇದೆ. ತಮಿಳಲ್ಲಿ ಬರೆಯುವಾಗ ಮೊದಲ ಅಕ್ಷರದ ಕೊಂಬು ಬಿಟ್ಟುಹೋದರೆ ಅದು ಕಡಲೂರು, ಸಮುದ್ರದ ದಂಡೆಯ ಬೇರೆ ಜಿಲ್ಲೆ. 2020ರ ಜೂನ್‌ನಲ್ಲಿ ತಮಿಳುನಾಡು ಸರ್ಕಾರ 1018 ಊರುಗಳ ಹೆಸರನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕು ಅಂತ ಆದೇಶ ಹೊರಡಿಸಿತ್ತು. ಆ ಸ್ಪೆಲಿಂಗ್ ನೋಡಿ ಜನ ಗಲಾಟೆ ಮಾಡಿದರು. ಕೆಲವೇ ದಿನದಲ್ಲಿ ಸರ್ಕಾರ ಆದೇಶ ವಾಪಸ್ ತಗೊಂಡಿತು. ಊರಿಗೆ ಊರೇ ಕೇಳಿದಾಗ ಸರ್ಕಾರವೂ ತಿದ್ದಿಕೊಳ್ಳುತ್ತೆ. ಮಾದಮ್ಮ ಒಬ್ಬಳೇ ಹೋಗಿ ಕೇಳಿದರೆ "ನಾಳೆ ಬಾ" ಅಂತಾರೆ. ಸಂಘ ಯಾಕೆ ಬೇಕು ಅನ್ನೋದಕ್ಕೆ ಇದಕ್ಕಿಂತ ಉತ್ತರ ಬೇಕಾ?

ಜಾತಿ ಪ್ರಮಾಣಪತ್ರದ ವಿಷಯ ಇನ್ನೂ ಗಟ್ಟಿಯಾದದ್ದು. ಸಂವಿಧಾನದ 341ನೇ ವಿಧಿಯ ಕೆಳಗೆ 1950ರಲ್ಲಿ ಪರಿಶಿಷ್ಟ ಜಾತಿಗಳ ಪಟ್ಟಿ ಹೊರಟಿತು. ತಮಿಳುನಾಡಿನ ಪಟ್ಟಿಯಲ್ಲಿ ಆದಿ ದ್ರಾವಿಡ, ಆದಿ ಕರ್ನಾಟಕ, ಹೊಲೆಯ, ಮಾದಿಗ ಎಲ್ಲವೂ ಬೇರೆ ಬೇರೆ ಹೆಸರುಗಳಾಗಿವೆ. ಇಂಥ ಪಟ್ಟಿಯನ್ನು ಇದ್ದ ಹಾಗೇ ಓದಬೇಕು, ಸೇರಿಸೋದು ತೆಗೆಯೋದು ಸಂಸತ್ತಿನ ಕೆಲಸ ಅಂತ 2000ದಲ್ಲಿ ಮಿಲಿಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ಪರಿಶಿಷ್ಟ ಪಂಗಡದ ಕೇಸು, ಆದರೂ ಪಾಠ ನಮಗೂ ಒಂದೇ. ಛತ್ತೀಸ್‌ಗಢದಲ್ಲಿ ಪಂಡೋ, ಭುಇಯಾಂ ಮುಂತಾದ ಆದಿವಾಸಿಗಳ ಹೆಸರನ್ನು ಹಿಂದಿಯಲ್ಲಿ ಒಂದೊಂದು ಥರ ಬರೆದದ್ದಕ್ಕೆ ಪ್ರಮಾಣಪತ್ರವೇ ಸಿಗದೆ ಹೋಯಿತು. ಅದನ್ನು ಸರಿ ಮಾಡೋಕೆ ಸಂಸತ್ತಿನಲ್ಲಿ ಮಸೂದೆ ತರಬೇಕಾಯಿತು. 2023ರ ಜುಲೈನಲ್ಲಿ ರಾಜ್ಯಸಭೆ ಒಪ್ಪಿತು. ಬರವಣಿಗೆಯ ವ್ಯತ್ಯಾಸ ತಿದ್ದೋಕೆ ದೆಹಲಿಗೆ ಹೋಗಬೇಕಾಯಿತು, ಯೋಚನೆ ಮಾಡಿ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತೆ. ನಮ್ಮ ಕೇರಿ ಮಾತನ್ನು ಯಾರಾದರೂ "ತಪ್ಪು ಕನ್ನಡ" ಅಂದರೆ ಒಪ್ಪಬೇಡಿ. 'ಹ'ಕಾರ ಬರದಿದ್ದರೆ ನಗುವವರು ಇದ್ದೇ ಇರ್ತಾರೆ. ಬಂಡೀಪುರ ದಾಟಿ ಗುಂಡ್ಲುಪೇಟೆ ಮೇಲೆ ಹೋದರೆ ಸಿಗುವ ನಂಜನಗೂಡು ಸೀಮೆಯ ದಲಿತರ ಮಾತಲ್ಲೇ ದೇವನೂರ ಮಹಾದೇವ 1984ರಲ್ಲಿ 'ಕುಸುಮಬಾಲೆ' ಬರೆದರು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮಾತು ನಮ್ಮ ಇಷ್ಟ. ಆದರೆ ಅರ್ಜಿ, ಪ್ರಮಾಣಪತ್ರ, ಅಂಕಪಟ್ಟಿ ಬೇರೆ. ಅಲ್ಲಿ ನಮ್ಮ ಮುಖ ಯಾರೂ ನೋಡಲ್ಲ, ಅಕ್ಷರ ಮಾತ್ರ ನೋಡ್ತಾರೆ.

ಈ ಎಚ್ಚರ ನಮ್ಮ ಹಿರಿಯರಿಗೆ ಇತ್ತು. ಈ ನೀಲಗಿರಿಯಲ್ಲೇ ಬೆಳೆದ ಅಯೋತಿದಾಸ ಪಂಡಿತರು 1907ರಲ್ಲಿ 'ಒರು ಪೈಸಾ ತಮಿಳನ್' ಪತ್ರಿಕೆ ಶುರು ಮಾಡಿದರು. ಇಲ್ಲೇ ಲೆಕ್ಕ ಬರೆಯುವ ಕೆಲಸದಲ್ಲಿದ್ದ ರೆಟ್ಟೈಮಲೈ ಶ್ರೀನಿವಾಸನ್ 1893ರಲ್ಲೇ 'ಪರೈಯನ್' ಪತ್ರಿಕೆ ತಂದಿದ್ದರು. ಬಾಬಾಸಾಹೇಬರು 1920ರಲ್ಲಿ 'ಮೂಕನಾಯಕ' ಹೊರತಂದರು. ನಮ್ಮ ಹೆಸರನ್ನು ಬೇರೆಯವರು ಬರೆದ ಹಾಗೆ ಬಿಡಬಾರದು ಅಂತಲೇ ಅವರು ಪೆನ್ನು ಹಿಡಿದದ್ದು.

ಹಾಗಾದರೆ ನಾವೇನು ಮಾಡೋಣ? ಮನೆಯವರ ಎಲ್ಲರ ಹೆಸರನ್ನೂ ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಒಂದೇ ಹಾಳೆಯಲ್ಲಿ ಬರೆದಿಡಿ. ಕಚೇರಿಯಲ್ಲಿ ಹೆಸರನ್ನು ಬಾಯಲ್ಲಿ ಹೇಳಬೇಡಿ, ಆ ಹಾಳೆ ಕೊಡಿ. ಸಹಿ ಹಾಕುವ ಮುಂಚೆ ಒಂದೊಂದು ಅಕ್ಷರ ಓದಿ. ಓದೋಕೆ ಬರದಿದ್ದರೆ ಓದಿ ಹೇಳಿ ಅಂತ ಕೇಳಿ, ಅದರಲ್ಲಿ ನಾಚಿಕೆ ಏನಿಲ್ಲ. ಹತ್ತನೇ ಕ್ಲಾಸಿನ ಮಕ್ಕಳ ಹೆಸರು ಪರೀಕ್ಷೆಗೆ ಕಳಿಸುವ ಮುಂಚೆ ಶಾಲೆಗೆ ಹೋಗಿ ಪಟ್ಟಿ ನೋಡಿ. ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸೋದು ಬಹಳ ಕಷ್ಟ. ಆಧಾರ್‌ನಲ್ಲಿ ಹೆಸರು ತಿದ್ದಿಸೋಕೆ ಜೀವಮಾನದಲ್ಲಿ ಎರಡೇ ಸಲ ಅವಕಾಶ, ಹುಟ್ಟಿದ ತಾರೀಕಿಗೆ ಒಂದೇ ಸಲ. ಅವಸರದಲ್ಲಿ ಅದನ್ನು ಕಳ್ಕೋಬೇಡಿ.

ಸಂಘಕ್ಕೆ ನನ್ನದೊಂದು ಬೇಡಿಕೆ. ವಾರಕ್ಕೆ ಒಂದು ಸಂಜೆ, ಒಂದು ಮೇಜು, ಓದಿದ ಇಬ್ಬರು ಹುಡುಗರು ಅಥವಾ ಹುಡುಗಿಯರು. ಕೇರಿಯವರು ಕಾಗದ ತರಲಿ, ನಾವು ಓದಿ ತಾಳೆ ನೋಡೋಣ. ತಪ್ಪಿದ್ದರೆ ಎಲ್ಲರ ಅರ್ಜಿಯನ್ನೂ ಸೇರಿಸಿ ಒಟ್ಟಿಗೆ ಕಚೇರಿಗೆ ಹೋಗೋಣ.

ಕೊನೆಗೆ, ನಾಳೆ ಆ ಕುರ್ಚಿ ಮೇಲೆ ಕೂರುವ ತಮ್ಮ ತಂಗಿಯರಿಗೆ ಒಂದು ಮಾತು. ನಿಮ್ಮಲ್ಲಿ ಕೆಲವರು ಗುಮಾಸ್ತರಾಗ್ತೀರಿ, ಟೀಚರ್ ಆಗ್ತೀರಿ, ಆಸ್ಪತ್ರೆಯಲ್ಲಿ ಚೀಟಿ ಬರೀತೀರಿ. ಎದುರಿಗೆ ಒಬ್ಬ ಪಣಿಯರ ಅಜ್ಜಿ, ಒಬ್ಬ ಇರುಳರ ಹುಡುಗ ನಿಂತಿರ್ತಾರೆ. ಅವರ ಹೆಸರು ನಿಮಗೆ ಹೊಸದಾಗಿರುತ್ತೆ. ಇನ್ನೊಂದು ಸಲ ಕೇಳಿ. ಕೇಳಿ ಬರೀರಿ, ಬರೆದದ್ದನ್ನು ಓದಿ ಹೇಳಿ, ಅವರು ಹೂಂ ಅಂದ ಮೇಲೆ ಸೀಲ್ ಹಾಕಿ.

ಜೈ ಭೀಮ್.