ಅನ್ನದ ಅಹಿಂಸೆ: ಸಾವಯವ–ರಾಸಾಯನಿಕ ವಾದದಲ್ಲಿ ಶ್ರಾವಕನ ಪಾಲು



ಕಲ್ಪವೃಕ್ಷಗಳು ಬರಿದಾಗಿ ಪ್ರಜೆಗಳು ಹಸಿವಿನಿಂದ ಮೊರೆಯಿಟ್ಟಾಗ ಆದಿತೀರ್ಥಂಕರ ವೃಷಭನಾಥನು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಷಟ್ಕರ್ಮಗಳನ್ನು ಬೋಧಿಸಿದನೆಂದು ಜಿನಸೇನಾಚಾರ್ಯರ ಆದಿಪುರಾಣ ನಿರೂಪಿಸುತ್ತದೆ. ಹೀಗೆ ಬೇಸಾಯವು ಜೈನ ಪರಂಪರೆಯಲ್ಲಿ ತೀರ್ಥಂಕರನೇ ತೋರಿದ ಜೀವನೋಪಾಯ. ಬೆಳಗಾವಿ, ಕೊಲ್ಹಾಪುರ, ಸಾಂಗಲಿ ಸೀಮೆಯ ಚತುರ್ಥ ಜೈನರ ಕುಲಕಸುಬು ಇಂದಿಗೂ ಒಕ್ಕಲುತನವೇ. ಆದರೆ ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ಒಂದೆರಡು ತಲೆಮಾರು ಕಳೆದ ಕುಟುಂಬಗಳಿಗೆ ಹೊಲವೆಂಬುದು ಊರಿನಲ್ಲಿರುವ ಅಣ್ಣತಮ್ಮಂದಿರ ವಿಷಯವಾಗಿದೆ. ಆ ಕುಟುಂಬಗಳ ಅಡುಗೆಮನೆಯಲ್ಲಿ ಕಂದಮೂಲಕ್ಕೆ ಎಡೆಯಿಲ್ಲ, ಸೂರ್ಯಾಸ್ತದ ಮೇಲೆ ಒಲೆ ಹೊತ್ತುವುದಿಲ್ಲ, ಸೋಸದ ನೀರು ಒಳಗೆ ಬರುವುದಿಲ್ಲ. ಇಷ್ಟೆಲ್ಲ ವಿವೇಕದ ನಡುವೆ ಕೇಳದೆ ಉಳಿದಿರುವ ಪ್ರಶ್ನೆ ಒಂದು: ತಟ್ಟೆಯಲ್ಲಿರುವ ತೊಗರಿಗೆ, ದ್ರಾಕ್ಷಿಗೆ, ಬದನೆಗೆ ಹೊಲದಲ್ಲಿ ಏನನ್ನು ಸಿಂಪಡಿಸಲಾಯಿತು, ಸಿಂಪಡಿಸಿದವನ ಗತಿ ಏನಾಯಿತು?

ಈ ಪ್ರಶ್ನೆಗೆ ಇಂದು ಎರಡು ಸಿದ್ಧ ಉತ್ತರಗಳು ದೊರೆಯುತ್ತವೆ. ಸಾವಯವ ಕೃಷಿಯೊಂದೇ ಅಹಿಂಸಾ ಕೃಷಿ ಎಂಬುದು ಒಂದು. ರಾಸಾಯನಿಕವಿಲ್ಲದೆ ದೇಶ ಉಪವಾಸ ಬೀಳುತ್ತದೆ ಎಂಬುದು ಇನ್ನೊಂದು. ಎರಡನ್ನೂ ಸ್ಯಾದ್ವಾದದ ದೃಷ್ಟಿಯಿಂದ ಪರಿಶೀಲಿಸುವುದು ಸಮಾಜದ ಕರ್ತವ್ಯ.

ಮೊದಲು ರಾಸಾಯನಿಕ ಪಕ್ಷದ ಸತ್ಯವನ್ನು ನೋಡಬೇಕು. 45 ಕಿಲೋ ತೂಕದ ಒಂದು ಚೀಲ ಯೂರಿಯಾದಲ್ಲಿ ಶೇಕಡಾ 46ರಷ್ಟು, ಅಂದರೆ ಸುಮಾರು 20 ಕಿಲೋ ಸಾರಜನಕವಿದೆ. ತಿಪ್ಪೆಗೊಬ್ಬರದಲ್ಲಿ ಅದು ಶೇಕಡಾ ಅರ್ಧದಷ್ಟು ಮಾತ್ರ. ಒಂದು ಚೀಲದ ಸಾರಜನಕವನ್ನು ಗೊಬ್ಬರದಿಂದಲೇ ಒದಗಿಸಬೇಕಾದರೆ ಸುಮಾರು 4 ಟನ್ ಹೇರಬೇಕು. ದನಗಳನ್ನು ಮಾರಿ ಟ್ರ್ಯಾಕ್ಟರ್ ತಂದ ಮನೆಗೆ ಅದು ಎಲ್ಲಿಂದ ಬರಬೇಕು? 2012ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಒಂದು ತುಲನಾತ್ಮಕ ವಿಶ್ಲೇಷಣೆಯು ಸಾವಯವ ಇಳುವರಿಯು ಬೆಳೆ ಮತ್ತು ಪರಿಸ್ಥಿತಿಯನ್ನು ಅನುಸರಿಸಿ ಶೇಕಡಾ 5ರಿಂದ 34ರಷ್ಟು ಕಡಿಮೆಯೆಂದು ತೋರಿಸಿತು. 1960ರ ದಶಕದ ನಡುವಿನಲ್ಲಿ ಅಮೆರಿಕದ ಗೋದಿಗಾಗಿ ಕೈಯೊಡ್ಡಿದ ದೇಶ ಈ ಅಂಕಿಗಳನ್ನು ಹಗುರವಾಗಿ ಕಾಣಲಾಗದು. ಶ್ರೀಲಂಕೆಯ ಪಾಠವೂ ಕಣ್ಣ ಮುಂದಿದೆ. 2021ರ ಮೇ ತಿಂಗಳಲ್ಲಿ ಅಲ್ಲಿಯ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ಹಠಾತ್ತನೆ ನಿಷೇಧಿಸಿತು. ಭತ್ತ, ಚಹಾ ಬೆಳೆಗಳು ಕುಸಿದವು. ನವೆಂಬರಿನೊಳಗೆ ನಿಷೇಧವನ್ನು ಹಿಂಪಡೆಯಬೇಕಾಯಿತು. ಸಿಕ್ಕಿಂ ರಾಜ್ಯ ಅದೇ ಗುರಿಯನ್ನು 2003ರಲ್ಲಿ ಇಟ್ಟುಕೊಂಡು 2016ರಲ್ಲಿ ಪೂರ್ಣ ಸಾವಯವ ರಾಜ್ಯವೆಂದು ಘೋಷಿಸಿಕೊಂಡಿತು. ಅಲ್ಲಿ ರಾಸಾಯನಿಕದ ಬಳಕೆ ಮೊದಲಿನಿಂದಲೂ ಕಡಿಮೆಯಿತ್ತು; ಆದರೂ ಹದಿಮೂರು ವರ್ಷ ಹಿಡಿಯಿತು. ರಾಜಾಜ್ಞೆಯಿಂದ ಒಂದೇ ಹಂಗಾಮಿನಲ್ಲಿ ಮಣ್ಣಿನ ಗುಣ ಬದಲಾಗದು.

ಇನ್ನು ಸಾವಯವ ಪಕ್ಷದ ಸತ್ಯ. ಕಾಸರಗೋಡು ಹಾಗೂ ದಕ್ಷಿಣ ಕನ್ನಡದ ಗೇರುತೋಪುಗಳ ಮೇಲೆ ವರ್ಷಾನುಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಅದನ್ನು ತಡೆಯುವ ಹೊತ್ತಿಗೆ ಹುಟ್ಟಿನಿಂದಲೇ ಹಾಸಿಗೆ ಹಿಡಿದ ಮಕ್ಕಳನ್ನು ಸಾಕುವ ತಾಯಂದಿರು ಆ ಊರುಗಳಲ್ಲಿದ್ದರು. 2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಯ ಬೆಳೆಗೆ ಕೀಟನಾಶಕ ಸಿಂಪಡಿಸುತ್ತಿದ್ದ ರೈತರು, ಕೂಲಿಕಾರರು ವಿಷವೇರಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಮಡಿದರು. ಕೃಷ್ಣಾ ತೀರದ ಶಿರೋಳ, ಅಥಣಿ ಸೀಮೆಯಲ್ಲಿ ಕಬ್ಬಿಗೆ ಮಿತಿಮೀರಿ ನೀರು ಹಾಯಿಸಿ ಫಲವತ್ತಾದ ಎರೆಭೂಮಿ ಸವಳಾಗಿದೆ. ಸರ್ಕಾರದ ನೀತಿಯೂ ಇದಕ್ಕೆ ಇಂಬು ಕೊಟ್ಟಿದೆ. 2010ರಲ್ಲಿ ಪೋಷಕಾಂಶ ಆಧಾರಿತ ಸಹಾಯಧನ ಜಾರಿಗೆ ಬಂದಾಗ ರಂಜಕ, ಪೊಟ್ಯಾಷ್ ಗೊಬ್ಬರಗಳು ಅದರೊಳಗೆ ಬಂದವು, ಯೂರಿಯಾ ಮಾತ್ರ ಹೊರಗುಳಿಯಿತು. ಉಳಿದ ಗೊಬ್ಬರಗಳ ಬೆಲೆ ಏರಿತು. ಯೂರಿಯಾ ಚೀಲ 300 ರೂಪಾಯಿಗಿಂತ ಕಡಿಮೆಗೆ ಸಿಗುತ್ತಲೇ ಇದೆ. ಅಗ್ಗವಾದುದನ್ನು ರೈತ ಹೆಚ್ಚು ಸುರಿದರೆ ಅದು ಅವನ ಅಜ್ಞಾನವೆನ್ನುವುದಕ್ಕಿಂತ ದಿಲ್ಲಿಯ ಲೆಕ್ಕಾಚಾರದ ಫಲವೆನ್ನುವುದು ನ್ಯಾಯ.

ಹಾಗಾದರೆ ಸಾವಯವವೆಂಬ ಮುದ್ರೆ ಇದ್ದೊಡನೆ ಆಹಾರ ನಿರ್ದೋಷವಾಯಿತೇ? ಇಲ್ಲಿ ಶ್ರಾವಕನು ಎಚ್ಚರವಾಗಿರಬೇಕು. ಎಲುಬಿನ ಪುಡಿ, ರಕ್ತದ ಪುಡಿ, ಮೀನಿನ ಗೊಬ್ಬರ ಇವೆಲ್ಲ ಸಾವಯವ ಬೇಸಾಯದಲ್ಲಿ ಬಳಕೆಯಲ್ಲಿರುವ ವಸ್ತುಗಳೇ. ಕಸಾಯಿಖಾನೆಯಿಂದ ಬಂದ ಗೊಬ್ಬರದಲ್ಲಿ ಬೆಳೆದ ಟೊಮೆಟೊಗೆ ಪ್ರಮಾಣಪತ್ರ ದೊರೆಯಬಹುದು. ಜೈನ ಅಡುಗೆಮನೆಗೆ ಅದು ಸಮಾಧಾನ ತರಬಾರದು. ಬೇವಿನ ಕಷಾಯವೂ ಹುಳುವಿಗೆ ಹಿತವಲ್ಲ. ಕಳೆನಾಶಕವನ್ನು ಬಿಟ್ಟವನು ಮತ್ತೆ ಮತ್ತೆ ಕುಂಟೆ ಹೊಡೆದರೆ ಮಣ್ಣಿನ ಜೀವಿಗಳಿಗೆ ಅಷ್ಟೇ ಪೀಡೆ. ಹಿಂಸೆಯಿಲ್ಲದ ಬೇಸಾಯ ಎಂಬುದು ಎಲ್ಲಿಯೂ ಇಲ್ಲ.

ಆದ್ದರಿಂದಲೇ ಆಚಾರ್ಯರು ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿದರು. ಸಂಕಲ್ಪಿ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ಬಿಡಬೇಕು. ಜೀವನೋಪಾಯದಲ್ಲಿ ಅನಿವಾರ್ಯವಾದ ಉದ್ಯೋಗಿ ಹಿಂಸೆಯನ್ನು ಯತ್ನಾಚಾರದಿಂದ ಕನಿಷ್ಠಕ್ಕೆ ಇಳಿಸಬೇಕು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯ ಬೇರನ್ನು ಪ್ರಮಾದದಲ್ಲಿ ಗುರುತಿಸುತ್ತದೆ. ಈ ಅಳತೆಗೋಲಿನಿಂದ ಅಳೆದರೆ ವಾದದ ಸ್ವರೂಪವೇ ಬದಲಾಗುತ್ತದೆ. ಹುಳು ಬಿದ್ದಿದೆಯೋ ಇಲ್ಲವೋ ನೋಡದೆ ವಾರಕ್ಕೊಮ್ಮೆ ಲೆಕ್ಕಕ್ಕೆ ಹೊಡೆಯುವ ಔಷಧಿ ಪ್ರಮಾದ. ಮಣ್ಣು ಪರೀಕ್ಷಿಸದೆ ಸುರಿಯುವ ಯೂರಿಯಾ ಪ್ರಮಾದ. ಮೈಮುಚ್ಚುವ ಬಟ್ಟೆಯಿಲ್ಲದೆ ಕೂಲಿಯವನ ಬೆನ್ನಿಗೆ ಪಂಪು ಏರಿಸುವುದು ಪ್ರಮಾದಕ್ಕಿಂತಲೂ ಕೀಳು. ಮೋಹಕ ಬಲೆ ಕಟ್ಟಿ ಪತಂಗಗಳನ್ನು ಎಣಿಸಿ, ಬೆಳೆಗೆ ನಿಜವಾಗಿ ಅಪಾಯವಿದ್ದಾಗ ಮಾತ್ರ, ಬೇಕಾದಷ್ಟೇ ಸಿಂಪಡಿಸುವ ರೈತ ಪ್ರಮಾಣಪತ್ರವಿಲ್ಲದಿದ್ದರೂ ಅಣುವ್ರತಕ್ಕೆ ಹತ್ತಿರದಲ್ಲಿದ್ದಾನೆ. ಸೆಣಬು ಬಿತ್ತಿ ಮಣ್ಣಿಗೆ ಮಗುಚಿ, ಜೋಳದ ಸಾಲಿನ ನಡುವೆ ತೊಗರಿಯಿಟ್ಟು ಯೂರಿಯಾವನ್ನು ಅರ್ಧಕ್ಕಿಳಿಸಿದವನು ಇನ್ನೊಂದು ಮೆಟ್ಟಿಲು ಏರಿದ್ದಾನೆ. ಪೂರ್ಣ ಸಾವಯವ ಆ ಮೆಟ್ಟಿಲುಗಳ ತುದಿಯಲ್ಲಿರಬಹುದು. ಶ್ರಾವಕನಿಗೆ 11 ಪ್ರತಿಮೆಗಳನ್ನು ಕ್ರಮವಾಗಿ ವಿಧಿಸಿದ ಧರ್ಮವು ರೈತನಿಂದ ಒಂದೇ ಜಿಗಿತವನ್ನು ಬೇಡಲಾರದು.

ಅಪ್ರಿಯವಾದ ಒಂದು ಮಾತನ್ನೂ ಆಡಲೇಬೇಕು. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವೂ ಆಶಾಧರರ ಸಾಗಾರಧರ್ಮಾಮೃತವೂ ಶ್ರಾವಕನು ತೊರೆಯಬೇಕಾದ 15 ಕ್ರೂರ ವೃತ್ತಿಗಳನ್ನು ಎಣಿಸುತ್ತವೆ. ಅವುಗಳಲ್ಲಿ ವಿಷವಾಣಿಜ್ಯವೂ ಒಂದು. ಮಾರುಕಟ್ಟೆಯು ಕೀಟನಾಶಕವನ್ನು 'ಔಷಧಿ' ಎಂದು ಕರೆದ ಮಾತ್ರಕ್ಕೆ ಡಬ್ಬಿಯ ಮೇಲಿನ ಕೆಂಪು ತ್ರಿಕೋನದ ಅರ್ಥ ಬದಲಾಗದು. ಅಂಗಡಿಯಲ್ಲಿ ಕೀಟನಾಶಕವಿಟ್ಟು, ಆ ಲಾಭದಲ್ಲಿ ಪಂಚಕಲ್ಯಾಣದ ಸವಾಲು ಕೂಗಿ, ಬಟಾಟೆ ತಿಂದ ತರುಣನನ್ನು ಹಳಿಯುವ ಶ್ರಾವಕ ಎಲ್ಲಿಯಾದರೂ ಇದ್ದರೆ, ಅವನ ಮುಂದೆ ಈ ಪಟ್ಟಿಯನ್ನು ಓದುವ ಧೈರ್ಯ ಸಮಾಜಕ್ಕೆ ಬೇಕು. ಬಟಾಟೆಯ ಅನಂತಕಾಯ ಜೀವಗಳ ಲೆಕ್ಕವಿಡುವವರು ಯವತಮಾಳದ ಪಂಚೇಂದ್ರಿಯ ಮನುಷ್ಯರ ಲೆಕ್ಕವನ್ನು ಬಿಟ್ಟರೆ ಆ ಗಣಿತ ತಪ್ಪು.

ಕೊಳ್ಳುವವನೂ ಈ ಲೆಕ್ಕದಿಂದ ಹೊರಗಿಲ್ಲ. ಕರ್ಮಬಂಧ ಕೃತ, ಕಾರಿತ, ಅನುಮತ ಎಂಬ ಮೂರು ದ್ವಾರಗಳಿಂದ ಬರುತ್ತದೆ. ಕಲೆಯಿಲ್ಲದ, ಹೊಳೆಯುವ ಬದನೆಯನ್ನೇ ಆರಿಸುವ ಕೈ ಹೊಲದಲ್ಲಿ ಹೊಡೆಯುವ ಔಷಧಿಗೆ ಅನುಮತಿ ಕೊಟ್ಟಂತೆಯೇ ಸರಿ. ಭಾರತದ ಸಾವಯವ ಪ್ರಮಾಣೀಕರಣ ನಿಯಮದಂತೆ ವಾರ್ಷಿಕ ಬೆಳೆಗೆ 2 ವರ್ಷ, ಬಹುವಾರ್ಷಿಕ ಬೆಳೆಗೆ 3 ವರ್ಷ ಪರಿವರ್ತನೆಯ ಅವಧಿ. ಆ ವರ್ಷಗಳಲ್ಲಿ ಇಳುವರಿ ಇಳಿಯುತ್ತದೆ. ಮುದ್ರೆಯಿಲ್ಲದ ಕಾರಣ ಬೆಲೆ ಏರುವುದಿಲ್ಲ. ಸಾಲಗಾರ ರೈತ ಮುಗ್ಗರಿಸುವುದು ಇಲ್ಲಿಯೇ. ಮುಗ್ಗರಿಸಿದವನಿಗೆ ಅಹಿಂಸೆಯ ಉಪನ್ಯಾಸದಿಂದ ಏನೂ ಆಗದು. ಬೇಕಾದುದು ಆ ಎರಡು-ಮೂರು ವರ್ಷಗಳ ಖಾತರಿ.

ನಗರದ ಜೈನ ಸಮಾಜ ಮಾಡಬಹುದಾದುದು ಇದು. ದಶಲಕ್ಷಣ ಪರ್ವದ ಪಾರಣೆಗೆ, ಸಾಮೂಹಿಕ ಭೋಜನಕ್ಕೆ, ವಿದ್ಯಾರ್ಥಿನಿಲಯಗಳಿಗೆ ಬೇಕಾದ ಜೋಳ, ಬೇಳೆ, ಬೆಲ್ಲವನ್ನು ಪರಿವರ್ತನೆಯ ಹಾದಿಯಲ್ಲಿರುವ ರೈತರಿಂದ, ಬಿತ್ತನೆಗೆ ಮುಂಚೆಯೇ ಬೆಲೆ ನಿಶ್ಚಯಿಸಿ ಕೊಳ್ಳಲಿ. ಎಲುಬಿನ ಪುಡಿ ಬಳಸಿಲ್ಲವೆಂಬ ಮಾತನ್ನು ಅದೇ ಕರಾರಿನಲ್ಲಿ ಪಡೆಯಲಿ. ಹುಳುಕು ತಾಗಿದ ಕಾಯಿಗೂ ಬೆಲೆ ಕೊಡಲಿ. ಸಿಂಪಡಿಸುವ ಕೂಲಿಕಾರನ ರಕ್ಷಾಕವಚದ ಖರ್ಚನ್ನು ಅಭಯದಾನವೆಂದು ಪರಿಗಣಿಸಲಿ. ನಾಲ್ಕು ದಾನಗಳಲ್ಲಿ ಅದಕ್ಕೆ ಸ್ಥಾನವಿದೆ. ಮತ ಕೇಳಲು ಬರುವವರನ್ನು, ಯೂರಿಯಾಕ್ಕೆ ಹರಿಯುವ ಹಣದ ಒಂದು ಪಾಲು ಹಸಿರೆಲೆ ಗೊಬ್ಬರ ಬಿತ್ತುವವನ ಕೈಗೆ ಏಕೆ ಸೇರಬಾರದೆಂದು ಪ್ರಶ್ನಿಸಲಿ.

ಪರಿಗ್ರಹ ಪರಿಮಾಣವು ಶ್ರಾವಕನ ವ್ರತ. ಕಿಲೋ ಬೇಳೆಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚು ತೆರುವುದರಿಂದ ಒಬ್ಬ ಕೂಲಿಕಾರನ ಪ್ರಾಣ, ಒಂದು ಎಕರೆಯ ಮಣ್ಣು ಉಳಿಯುವುದಾದರೆ ಆ ವ್ರತಕ್ಕೆ ಅದಕ್ಕಿಂತ ಸುಲಭವಾದ ಅಭ್ಯಾಸ ಬೇರೆ ದೊರೆಯದು.

ಜಯ ಜಿನೇಂದ್ರ.