ಯಲಹಂಕದ ಗೆರೆ ಎಳೆದವರು ಯಾರು?

(ಯಲಹಂಕದಲ್ಲಿ ಕನ್ನಡ ಯುವಕರ ಸಭೆಯಲ್ಲಿ ಮಾಡಿದ ಭಾಷಣ)

ಗೆಳೆಯರೇ, ನಿಮಗೊಂದು ಸಣ್ಣ ಪ್ರಶ್ನೆ. ಯಲಹಂಕ ಯಾವ ಜಿಲ್ಲೆಯಲ್ಲಿದೆ? ಬೆಂಗಳೂರು ನಗರ ಜಿಲ್ಲೆಯಲ್ಲಿ. ಸರಿ. ಹಾಗಾದರೆ ಯಲಹಂಕದ ಮತದಾರ ಲೋಕಸಭೆಗೆ ಯಾರನ್ನು ಆರಿಸುತ್ತಾನೆ? ಚಿಕ್ಕಬಳ್ಳಾಪುರದ ಸಂಸದನನ್ನು! ಪಕ್ಕದ ಬ್ಯಾಟರಾಯನಪುರ, ಹೆಬ್ಬಾಳದವರ ಓಟು ಬೆಂಗಳೂರು ಉತ್ತರಕ್ಕೆ. ನಮ್ಮದು ಮಾತ್ರ ನಂದಿಬೆಟ್ಟದ ಕಡೆಗೆ. 1537ರಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡರನ್ನು ಯಲಹಂಕ ನಾಡಪ್ರಭು ಎಂದೇ ಕರೆಯುತ್ತೇವೆ. ಆ ನಾಡಪ್ರಭುವಿನ ಊರಿಗೆ ಈ ಗತಿ!

ಈ ಗೆರೆ ತಾನಾಗಿ ಹುಟ್ಟಿದ್ದಲ್ಲ. 1971ರ ಜನಗಣತಿ ನೋಡಿ ಎಳೆದ ಕ್ಷೇತ್ರದ ಗಡಿ 1978ರ ಚುನಾವಣೆಗೆ ಬಂತು. ಅದೇ ಗಡಿಯಲ್ಲಿ 2004ರವರೆಗೆ ಏಳು ವಿಧಾನಸಭಾ ಚುನಾವಣೆ ನಡೆದವು. ಆಗ ಯಲಹಂಕ ಪರಿಶಿಷ್ಟ ಜಾತಿಗೆ ಮೀಸಲಾದ, ಬಹುಪಾಲು ಹಳ್ಳಿಗಳ ಕ್ಷೇತ್ರ. ಹೆಸರಘಟ್ಟವನ್ನೇ ತೆಗೆದುಕೊಳ್ಳಿ. 1890ರ ದಶಕದಲ್ಲಿ ಬೆಂಗಳೂರಿಗೆ ನಲ್ಲಿ ನೀರು ಹೋದದ್ದು ಆ ಕೆರೆಯಿಂದ. ನೀರು ಕೊಟ್ಟ ಹಳ್ಳಿಯವರಿಗೆ ನಗರ ಏನು ಕೊಟ್ಟಿತು ಎಂದು ಮಾತ್ರ ಕೇಳಬೇಡಿ.

1978ರಲ್ಲಿ ಇಲ್ಲಿಂದ ಗೆದ್ದವರು ಬಿ. ಬಸವಲಿಂಗಪ್ಪ. ಹೆಸರು ಕೇಳಿದ ಕೂಡಲೇ ನಮ್ಮಲ್ಲಿ ಕೆಲವರ ಹುಬ್ಬು ಗಂಟಾಗುತ್ತದೆ, ಗೊತ್ತು. 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದವರು ಅವರೇ. ರಾಜ್ಯವೆಲ್ಲ ಗಲಾಟೆಯಾಯಿತು, ವಿದ್ಯಾರ್ಥಿಗಳು ಬೀದಿಗೆ ಬಂದರು, ದಲಿತ ಹುಡುಗರ ಮೇಲೆ ಏಟು ಬಿತ್ತು. ದೇವರಾಜ ಅರಸರ ಸಂಪುಟದಿಂದ ಅವರು ಹೊರಬರಬೇಕಾಯಿತು. ಆದರೆ ಅದೇ ಬಸವಲಿಂಗಪ್ಪ ಪೌರಾಡಳಿತ ಮಂತ್ರಿಯಾಗಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದವರು. ಕನ್ನಡದ ಮಾನ ಹೋಯಿತೆಂದು ಬೀದಿಗಿಳಿದವರಲ್ಲಿ ಎಷ್ಟು ಮಂದಿ ಆ ಕನ್ನಡಿಗರ ತಲೆಯ ಮೇಲಿನ ಬುಟ್ಟಿಗಾಗಿ ಬೀದಿಗಿಳಿದಿದ್ದರು?

ಐದೇ ವರ್ಷಕ್ಕೆ ಯಲಹಂಕ ಅವರನ್ನು ಗೆಲ್ಲಿಸಿ ಕಳಿಸಿತು. ಬೆಳಗಾದರೆ ಹಸುವಿಗೆ ಬೂಸಾ ಕಲಸಿ ಇಡುವ ಜನ ಇವರು. ಆ ಮಾತಿನ ಅರ್ಥ ಪಂಡಿತರಿಗಿಂತ ಇವರಿಗೇ ಚೆನ್ನಾಗಿ ಗೊತ್ತಿತ್ತು. ಇವರೂ ಅಪ್ಪಟ ಕನ್ನಡಿಗರೇ. ಬಸವಲಿಂಗಪ್ಪನವರ ಮಾತು ಒಪ್ಪಬೇಕೆಂದು ನಾನು ಹೇಳುತ್ತಿಲ್ಲ. ಯಾರನ್ನು ಕಳಿಸಬೇಕೆಂದು ಹಳ್ಳಿಯವರೇ ತೀರ್ಮಾನಿಸುವ ಶಕ್ತಿ ಆ ಕ್ಷೇತ್ರಕ್ಕಿತ್ತು, ಅಷ್ಟನ್ನು ಗಮನಿಸಿ ಎನ್ನುತ್ತಿದ್ದೇನೆ.

ಈಗ ಆ ಶಕ್ತಿ ಎಲ್ಲಿದೆ? 2007ರಲ್ಲಿ ಯಲಹಂಕ ನಗರಸಭೆ ಬೃಹತ್ ಬೆಂಗಳೂರಿನಲ್ಲಿ ಸೇರಿಹೋಯಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾಯಿತು, ಬಳ್ಳಾರಿ ರಸ್ತೆಯ ಎರಡೂ ಬದಿ ಸೈಟುಗಳಾದವು. ಅದೇ ತಿಂಗಳು ಹೊಸ ಗಡಿಯಲ್ಲಿ ಚುನಾವಣೆ. ಬ್ಯಾಟರಾಯನಪುರ, ಯಶವಂತಪುರ ಹೊಸ ಕ್ಷೇತ್ರಗಳಾದವು, ಯಲಹಂಕ ಸಾಮಾನ್ಯ ಕ್ಷೇತ್ರವಾಯಿತು. ಅಲ್ಲಿಂದ 2023ರವರೆಗೆ ನಾಲ್ಕು ಸಲವೂ ಎಸ್. ಆರ್. ವಿಶ್ವನಾಥ್ ಗೆದ್ದರು. ಬೆಂಗಳೂರಿನ ಸ್ಥಾನ 28ಕ್ಕೆ ಏರಿತು, ರಾಜ್ಯದ ಒಟ್ಟು ಸ್ಥಾನ ಮಾತ್ರ 224 ಇದ್ದದ್ದು 224 ಆಗಿಯೇ ಉಳಿಯಿತು. ಲೆಕ್ಕ ನೀವೇ ಹಾಕಿ: ಹೆಚ್ಚಿಗೆ ಬಂದ ಕುರ್ಚಿಗಳು ಬೇರೆ ಜಿಲ್ಲೆಗಳ ಹಳ್ಳಿಗಾಡಿನಿಂದ ಬಂದವು.

ಹೆಸರಘಟ್ಟ, ರಾಜಾನುಕುಂಟೆಯ ರೈತ ಈಗಲೂ ಯಲಹಂಕದ ಮತದಾರನೇ. ಆದರೆ ಉಪನಗರದ, ಅಪಾರ್ಟ್‌ಮೆಂಟಿನ ಓಟಿನ ರಾಶಿಯ ಮುಂದೆ ಅವನ ಪಂಚಾಯಿತಿಯ ಓಟು ಎಷ್ಟು? ಹೊರಗಿನಿಂದ ಬಂದವರನ್ನು ಬೈಯುವುದು ಸುಲಭ. ಅವರು ಓಟು ಹಾಕುತ್ತಾರೆ, ಬಿಡುತ್ತಾರೆ. ಆರ್.ಟಿ. ನಗರದ, ಹೆಬ್ಬಾಳದ ಕನ್ನಡದ ಹುಡುಗ ಮತದಾರರ ಪಟ್ಟಿಯಲ್ಲಿ ತನ್ನ ಹೆಸರಿದೆಯೇ ಎಂದು ನೋಡಿದ್ದಾನೆಯೇ?

ನಮ್ಮನ್ನು ಕೇಳಲೇ ಇಲ್ಲ ಎನ್ನಬೇಡಿ. ಕೇಳಿದರು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಆಯೋಗ ಕರಡು ಹೊರಡಿಸಿ ಆಕ್ಷೇಪಣೆ ಕರೆದಿತ್ತು, ಬಹಿರಂಗ ವಿಚಾರಣೆಯೂ ನಡೆಸಿತ್ತು. ಅಂಥ ವಿಚಾರಣೆಗೆ ಪಕ್ಷಗಳವರು ಫೈಲು ಹಿಡಿದು ಹೋಗುತ್ತಾರೆ. ನಾವು ಬಾವುಟ ಹಿಡಿದು ಬೇರೆ ಕಡೆ ಇರುತ್ತೇವೆ.

84ನೇ ತಿದ್ದುಪಡಿ ಸ್ಥಾನಗಳ ಸಂಖ್ಯೆಗೆ ಹಾಕಿದ ಬೀಗ 2026ರ ನಂತರದ ಮೊದಲ ಜನಗಣತಿಯವರೆಗಿನದು. ಹೊಸ ಜನಗಣತಿಗೆ 2027ರ ಮಾರ್ಚ್ 1ನ್ನು ಲೆಕ್ಕದ ದಿನವೆಂದು 2025ರ ಜೂನ್‌ನಲ್ಲಿ ಗೊತ್ತುಮಾಡಿದರು. ದೆಹಲಿಯಲ್ಲಿ ಕರ್ನಾಟಕದ ಪಾಲು ಎಷ್ಟು ಎಂಬ ಜಗಳ ದೊಡ್ಡದು, ಅದನ್ನೂ ಮಾಡೋಣ. ಆದರೆ ಸಿಂಗನಾಯಕನಹಳ್ಳಿ ಯಾವ ಕಡೆ, ಬಾಗಲೂರು ಯಾವ ಕಡೆ ಎಂಬುದೂ ಇಂಥ ಆಯೋಗದ ಕಾಗದದಲ್ಲೇ ಇರುತ್ತದೆ. ಗೆಜೆಟ್ ಆದ ಮೇಲೆ ಕೋರ್ಟಿಗೆ ಹೋದರೆ ಸಂವಿಧಾನದ 329ನೇ ವಿಧಿ ಅಡ್ಡ ಬರುತ್ತದೆ. ಏನಿದ್ದರೂ ಕರಡಿನ ಹೊತ್ತಿಗೇ.

ಆ ಕರಡು ಊರೂರಿನ ಹೆಸರಿನೊಂದಿಗೆ ಕನ್ನಡದಲ್ಲಿ, ಪ್ರತಿ ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಬೇಕು ಎಂದು ಈಗಲೇ ಅರ್ಜಿ ಹಾಕೋಣ. ಅರ್ಜಿ ಬರೆದು ತಂದಿದ್ದೇನೆ. ಸಭೆ ಮುಗಿದ ಮೇಲೆ ಬಾಗಿಲ ಬಳಿಯ ಮೇಜಿನ ಮೇಲಿರುತ್ತದೆ. ಸಹಿ ಹಾಕುವವರು ಊರಿನ ಹೆಸರನ್ನೂ ಬರೆಯಿರಿ, ಬರೀ ಬೆಂಗಳೂರು ಎಂದು ಬರೆಯಬೇಡಿ.