ಬಡತನ ಅಪರಾಧವಲ್ಲ, ಮಗು ಸೊತ್ತಲ್ಲ

(ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಕಾರ್ಯಕರ್ತರ ಶಿಬಿರದಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ಸಂತೆ ಸುಂಕಗಳ ಬಗ್ಗೆ ನಾವು ಅನೇಕ ಸಲ ಮಾತನಾಡಿದ್ದೇವೆ. ಇಂದಿನ ಮಾತು ಮಕ್ಕಳದು. ತಾಯಿ ತೀರಿಕೊಂಡರೆ, ತಂದೆ ಬಿಟ್ಟುಹೋದರೆ, ದುಡಿಯುವವನು ಯಂತ್ರಕ್ಕೆ ಸಿಕ್ಕಿ ಕೈ ಕಳೆದುಕೊಂಡರೆ, ಆ ಮನೆಯ ಮಗು ಎಲ್ಲಿ ಬೆಳೆಯಬೇಕು? ತೀರ್ಮಾನಿಸುವವರು ಯಾರು?

ನಮ್ಮ ಸೀಮೆಗೆ ಇದು ದೂರದ ಪ್ರಶ್ನೆಯಲ್ಲ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಎಷ್ಟೋ ಜನ ನಸುಕಿನ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗತೊಡಗಿದರು. ಶ್ರೀನಿವಾಸಪುರದ ಮಾವಿನ ಸುಗ್ಗಿ ಮುಗಿದರೆ ಅದರ ಕೂಲಿಯೂ ಮುಗಿಯಿತು. ಅಪ್ಪ ಅಮ್ಮ ದುಡಿಮೆ ಹುಡುಕಿ ಹೊರಟಾಗ ಮಗು ಅಜ್ಜಿಯ ಮನೆಯಲ್ಲಿ ಉಳಿಯುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ತೊಡಕು ಬರುವುದು ಜಗಳ ಎದ್ದಾಗ, ಇಲ್ಲವೇ ಆ ಆಸರೆಯೂ ತಪ್ಪಿದಾಗ.

ಆಗ ತಟ್ಟಬೇಕಾದ ಬಾಗಿಲುಗಳು ಎರಡು.

ಮಗು ಯಾರ ಬಳಿ ಇರಬೇಕೆಂದು ಗಂಡ ಹೆಂಡಿರು, ಬಂಧುಗಳು ಕಾದಾಡಿದರೆ ಕೌಟುಂಬಿಕ ನ್ಯಾಯಾಲಯ. ಅದಿಲ್ಲದ ಕಡೆ ಜಿಲ್ಲಾ ನ್ಯಾಯಾಲಯ. ಅಲ್ಲಿ ತೂಕದ ಕಲ್ಲು ಒಂದೇ: ಮಗುವಿನ ಹಿತ. ಮಕ್ಕಳು ತಂದೆತಾಯಿಗಳ ಸೊತ್ತಲ್ಲ, ಆಟಿಕೆಯೂ ಅಲ್ಲವೆಂದು ಸುಪ್ರೀಂ ಕೋರ್ಟು 1973ರಲ್ಲೇ ಹೇಳಿತು. ಒಬ್ಬರ ಬಳಿ ಹೆಚ್ಚು ಹಣವಿದೆಯೆಂಬ ಮಾತ್ರಕ್ಕೆ ಮಗು ಅವರದಾಗದೆಂದು 2008ರಲ್ಲಿ ಹೇಳಿತು. ಒಂದೇ ಕೋಣೆಯ ಮನೆಯ ತಾಯಿ ಈ ಮಾತನ್ನು ನೆನಪಿಡಬೇಕು.

ಆಸರೆಯಿಲ್ಲದ, ಅಪಾಯದಲ್ಲಿರುವ ಮಗುವಿಗೆ ಎರಡನೆಯ ಬಾಗಿಲು: ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ. ಅಧ್ಯಕ್ಷರೊಬ್ಬರು, ಸದಸ್ಯರು ನಾಲ್ವರು. 2015ರ ಬಾಲನ್ಯಾಯ ಕಾಯಿದೆಯಂತೆ ಅಂಥ ಮಗುವನ್ನು 24 ಗಂಟೆಯೊಳಗೆ ಅವರ ಮುಂದೆ ತರಬೇಕು. ಮಗುವನ್ನು ಮನೆಗೆ ಮರಳಿಸುವುದು, ಪೋಷಕ ಕುಟುಂಬಕ್ಕೆ ಒಪ್ಪಿಸುವುದು ಅವರ ಅಧಿಕಾರ. ಬಾಲಮಂದಿರ ಕಟ್ಟಕಡೆಯ ದಾರಿ ಎಂಬುದು ಕಾಯಿದೆಯ ತತ್ತ್ವ.

ಪೋಷಕ ಕುಟುಂಬವೆಂದರೆ ದತ್ತಕವಲ್ಲ. ಸಮಿತಿ ತಿಂಗಳಿಗೊಮ್ಮೆ ಹೋಗಿ ಮಗುವಿನ ಸ್ಥಿತಿ ನೋಡಬೇಕು. ಅಣ್ಣತಮ್ಮಂದಿರನ್ನು, ಅಕ್ಕತಂಗಿಯರನ್ನು ಆದಷ್ಟು ಒಟ್ಟಿಗೆ ಇಡಬೇಕು. ಹೆತ್ತವರು ಬಂದು ನೋಡುವುದನ್ನು ತಡೆದರೆ ಕಾರಣ ಬರೆದಿಡಬೇಕು. ಮನೆ ಸುಧಾರಿಸಿದರೆ ಮಗು ಹಿಂದಿರುಗಬಹುದು. ಈ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು.

ಆದರೆ ನಾವು ಕೇಳುವುದು ಇದಕ್ಕೂ ಹಿಂದಿನ ಪ್ರಶ್ನೆ. ಅನ್ನವಿಲ್ಲದ್ದಕ್ಕೆ ಮಗುವನ್ನು ಮನೆಯಿಂದ ಎತ್ತುವುದೇಕೆ? ಅನ್ನವನ್ನೇ ಮನೆಗೆ ಕೊಡಬಾರದೇಕೆ? ವಿಧವೆಯ, ಗಂಡ ಬಿಟ್ಟವಳ ಮಗುವಿಗೆ, ಬಂಧುಗಳ ಆಸರೆಯಲ್ಲಿರುವ ಅನಾಥನಿಗೆ ಪ್ರಾಯೋಜಕತ್ವವೆಂಬ ನೆರವಿದೆ. ಮಿಷನ್ ವಾತ್ಸಲ್ಯದಲ್ಲಿ ಅದು ತಿಂಗಳಿಗೆ 4,000 ರೂಪಾಯಿ. ಆದರೆ ವರ್ಷದ ವರಮಾನ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಬಾರದಂತೆ! ಲೆಕ್ಕ ಹಾಕಿ. ಪಟ್ಟಣದಲ್ಲಿ ತಿಂಗಳಿಗೆ 8,000ಕ್ಕಿಂತ ಒಂದು ರೂಪಾಯಿ ಹೆಚ್ಚು ದುಡಿದರೂ ಆ ತಾಯಿ ಬಡವಳಲ್ಲ! ಈ ಮಿತಿ ಏರಬೇಕು. ಅದು ನಮ್ಮ ಬೇಡಿಕೆ.

ಇನ್ನೊಂದು ಕಹಿ ಮಾತು. ಕೆಲವು ಸಲ ಅಪಾಯ ಇರುವುದು ಸ್ವಂತ ಮನೆಯಲ್ಲೇ. ಕುಡಿದು ಬಡಿಯುವವನು, ಮಗುವಿನ ಮೈಮೇಲೆ ಕೈಹಾಕುವವನು ನಮ್ಮ ಸಂಘದವನಾದರೂ, ನಮ್ಮ ಜಾತಿಯವನಾದರೂ ಮುಚ್ಚಿಡಬಾರದು. ಲೈಂಗಿಕ ದೌರ್ಜನ್ಯ ತಿಳಿದೂ ತಿಳಿಸದಿರುವುದು 2012ರ ಪೋಕ್ಸೋ ಕಾಯಿದೆಯಡಿ ಅಪರಾಧ. ಮರ್ಯಾದೆ ಹೋಗುತ್ತದೆಂದು ಪಂಚಾಯಿತಿ ಮಾಡಿ ಮುಗಿಸಿದರೆ ಉಳಿಯುವುದು ಹಿರಿಯರ ಮರ್ಯಾದೆ, ಹಾಳಾಗುವುದು ಮಗುವಿನ ಬಾಳು. 1098ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು.

ಈಗ ನಮ್ಮ ಕೆಲಸ. ಕೋಣೆಗೊಬ್ಬರು ಹೆಸರು ಬರೆಯುವುದಲ್ಲ, ಪ್ರತಿ ತಾಲ್ಲೂಕಿನಲ್ಲಿ ಇಬ್ಬರು ಸಂಗಾತಿಗಳು, ಒಬ್ಬರಾದರೂ ಹೆಂಗಸು, ಇಂಥ ಮನೆಗಳ ಪಟ್ಟಿ ಮಾಡಿ ಅರ್ಜಿ ಬರೆದುಕೊಡಬೇಕು. ಸಮಿತಿಯ ಮುಂದೆ ಜೊತೆಗೆ ಹೋಗಬೇಕು. ವಕೀಲರ ಫೀಜಿಗೆ ಹೆದರಬೇಡಿ. 1987ರ ಕಾಯಿದೆಯಂತೆ ಹೆಂಗಸರು, ಮಕ್ಕಳು, ಕೈಗಾರಿಕಾ ಕಾರ್ಮಿಕರು ಉಚಿತ ಕಾನೂನು ನೆರವಿಗೆ ಹಕ್ಕುದಾರರು. ಅಂಗಡಿಯ ಸಂಗಾತಿಗಳೇ, ನಿಮ್ಮ ಬಾಗಿಲಲ್ಲಿ ಲೋಟ ತೊಳೆಯುವ ಹುಡುಗ ಯಾರ ಮಗನೆಂದು ಇಂದೇ ಕೇಳಿ.

ಮಗುವಿನ ಹಿತವೇ ನ್ಯಾಯವೆಂದು ಕಾನೂನು ಒಪ್ಪಿದೆ. ಬಡವನ ಮಗುವಿಗೂ ಆ ನ್ಯಾಯ ದೊರಕಿಸುವುದು ಸಂಘಟಿತ ಜನರ ಕೆಲಸ. ಅದನ್ನು ಈ ವಾರದಿಂದಲೇ ತೊಡಗೋಣ.